ಇಪ್ಪತ್ತೊಂದನೇ ಲಾರಿ

ಮರಳಯ್ಯನನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಸೇನಾ ಕಚೇರಿಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಟೈಪಿಸ್ಟ್. ಅವನು ದೊಡ್ಡ ಮೇಜಿನ ಮೇಲೆ ಮರಳಿನಲ್ಲಿ ಗುಡ್ಡ, ಹೊಳೆ, ರಸ್ತೆ ಮಾಡಿಡುವವನು. ದಂಡು ಹೊರಡುವ ಮುಂಚೆ ಅಧಿಕಾರಿಗಳು ಆ ಮೇಜಿನ ಸುತ್ತ ಎರಡು ಪಕ್ಷವಾಗಿ ನಿಂತು, ಬೆಂಕಿಪೊಟ್ಟಣಗಳೇ ಲಾರಿ ಅಂದುಕೊಂಡು ಯುದ್ಧ ಆಡಿ ನೋಡುತ್ತಿದ್ದರು. ಹೋಗುತ್ತಾ ಬರುತ್ತಾ ಎಲ್ಲರೂ ಅವನ ಬೆನ್ನು ತಟ್ಟುವವರೇ. ನನ್ನ ಹತ್ತಿರ ಬಂದರೆ, "ಇನ್ನೂ ಎಷ್ಟೊತ್ತು?"

ಒಂದು ಸಲ ಶತ್ರುವಾಗಬೇಕಿದ್ದ ಅಧಿಕಾರಿಗೆ ಜ್ವರ ಬಂತು. ಸಾಹೇಬರು, "ಮರಳಯ್ಯ, ಇವತ್ತು ನೀನೇ ಶತ್ರು," ಅಂದರು. ಟಿಪ್ಪಣಿ ಬರೆಯುತ್ತಾ ನಾನೂ ಅಲ್ಲೇ ಕೂತಿದ್ದೆ. ನನ್ನ ಕಡೆ ಯಾರೂ ತಿರುಗಿಯೂ ನೋಡಲಿಲ್ಲ.

ಅವನು ಹೊಳೆಯ ಸೇತುವೆಯ ತಂಟೆಗೇ ಹೋಗಲಿಲ್ಲ. ಇಪ್ಪತ್ತು ಲಾರಿಗಳನ್ನು ಸುಮ್ಮನೆ ದಾಟಲು ಬಿಟ್ಟು, ಆಚೆಯ ತಿರುವಿನಲ್ಲಿ ಇಪ್ಪತ್ತೊಂದನೆಯದನ್ನು ಬೆರಳಿನಿಂದ ಉರುಳಿಸಿದ. ಹಿಂದಿನವೆಲ್ಲ ಸೇತುವೆಯ ಮೇಲೆ ಸಿಕ್ಕಿಬಿದ್ದವು.

"ಈ ತಿರುವು ಮಾಡುವಾಗ ನನ್ನ ಬೆರಳೇ ತೂರ್ಲಿಲ್ಲ ಸಾರ್, ಅಷ್ಟು ಇಕ್ಕಟ್ಟು," ಅಂದ.

ಸಾಹೇಬರು ನಕ್ಕರು. "ಮರಳಲ್ಲೇ ಸೋತಿದ್ದು ಒಳ್ಳೇದಾಯ್ತು. ವರದೀಲಿ ಬರೀರಿ."

ಬರೆಯಬೇಕಾದವನು ನಾನು. ಹೊಟ್ಟೆ ಧಗಧಗ ಉರಿಯುತ್ತಿತ್ತು. ಸಾಹೇಬರು ಓದದೆ ಸಹಿ ಹಾಕುವವರು; ಮೇಲಿನ ಕಚೇರಿಯವರು ವರದಿ ಬಿಟ್ಟು ಬೇರೇನೂ ನೋಡುವವರಲ್ಲ. "ಸೇತುವೆಯ ಬಳಿ ತುಸು ವಿಳಂಬ" ಎಂದಷ್ಟೇ ಟೈಪ್ ಮಾಡಿ, ತಿರುವನ್ನು ನುಂಗಿಹಾಕಿದೆ.

ಮಧ್ಯಾಹ್ನ ವರದಿಗೆ ಲಗತ್ತಿಸಲು ಚಾಲಕರ ಪಟ್ಟಿ ಬಂತು. ಇಪ್ಪತ್ತೊಂದನೇ ಲಾರಿ ನನ್ನ ಅಳಿಯನದು. ಮಗಳ ಮದುವೆಯಾಗಿ ಎಂಟೇ ತಿಂಗಳಾಗಿತ್ತು.

ಹಾಳೆ ಹರಿದು ಹಾಕಿ ಮೊದಲಿನಿಂದ ಟೈಪ್ ಮಾಡಿದೆ. ತಿರುವು, ಲಾರಿ, ಮರಳಯ್ಯನ ಹೆಸರು, ಯಾವುದನ್ನೂ ಬಿಡಲಿಲ್ಲ. ಮೇಲಿನವರು ದಾರಿಯನ್ನೇ ಬದಲಿಸಿದರು.

ಅಳಿಯ ಕ್ಷೇಮವಾಗಿ ಬಂದ. ಊಟಕ್ಕೆ ಕೂತಾಗ, "ಆ ತಿರುವಲ್ಲೇ ಶತ್ರುಗಳು ಕಾದು ಕೂತಿದ್ರಂತೆ ಮಾವ. ಯಾರೋ ಪುಣ್ಯಾತ್ಮ ಮೊದಲೇ ಹೇಳಿದ್ನಂತೆ," ಅಂದ.

ಮಗಳು ಬಡಿಸುವುದನ್ನು ನಿಲ್ಲಿಸಿದಳು. "ನಿಮ್ಮ ಆಫೀಸಿನವರಾ ಅಪ್ಪ? ಒಂದಿನ ಊಟಕ್ಕೆ ಕರೀರಿ."

ಮರಳಯ್ಯನನ್ನು ಕರೆದೆ. ಮಗಳು ಅವನಿಗೆ ನನ್ನ ಕುರ್ಚಿ ಹಾಕಿದಳು. ಎದುರು ಸ್ಟೂಲಿನ ಮೇಲೆ ಕೂತ ನನಗೆ ಆಗಲೂ ಹೊಟ್ಟೆ ಉರಿಯಿತು. ಪಟ್ಟಿಯಲ್ಲಿ ಬೇರೆ ಯಾರದೋ ಅಳಿಯನ ಹೆಸರಿದ್ದಿದ್ದರೆ ಆ ಮೊದಲಿನ ಹಾಳೆಯೇ ಹೋಗುತ್ತಿತ್ತು ಅನ್ನುವುದು ನನಗೊಬ್ಬನಿಗೇ ಗೊತ್ತು.

"ವರದಿ ಬಹಳ ಚೆನ್ನಾಗಿ ಬರೆದಿದ್ರಂತಲ್ಲ ನೀವು. ಮೇಲಿನವರು ಹೊಗಳಿದ್ರು ಅಂತ ಸಾಹೇಬ್ರು ಹೇಳಿದ್ರು," ಅಂದ ಮರಳಯ್ಯ.

ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೆಲಸವನ್ನು ಒಬ್ಬರು ಹೊಗಳಿದ್ದು ಅದೇ ಮೊದಲು. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ.