ಬಿಸಿಲಿಗೆ ಇಟ್ಟ ಹಂಚು

ಕಳೆದ ವಾರ ಬೆಳಗಾವಿಯ ಸದಾಶಿವನಗರದ ನಮ್ಮ ಮನೆಯ ಪಕ್ಕದಲ್ಲಿ ಒಂದು ಹಳೇ ಮನೆಯನ್ನು ಕೆಡವುತ್ತಿದ್ದರು. ಧೂಳು ಏಳದಿರಲೆಂದು, ಇಳಿಸಿಟ್ಟ ಹಂಚುಗಳ ಮೇಲೆ ಯಾರೋ ಪೈಪು ಹಿಡಿದು ನೀರು ಬಿಟ್ಟರು. ಸುಟ್ಟ ಮಣ್ಣು ನೀರು ಕುಡಿಯುವಾಗಿನ ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನನ್ನ ಬರವಣಿಗೆ ನಿಂತುಹೋಯಿತು. ನಾನು ಭಾಷಣ ಬರೆಯಲು ಕೂತಿದ್ದೆ. ಇಲ್ಲಿಯ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ 'ಸಾಧಕಿಯರ ಮಾತು' ಎಂಬ ಕಾರ್ಯಕ್ರಮ. ಸರಕಾರಿ ಎಂಜಿನಿಯರಾಗಿ ಮೂವತ್ತು ವರ್ಷ ಸವೆಸಿದ್ದೇನೆಂದು ನನ್ನನ್ನೂ ಸಾಧಕಿಯರ ಸಾಲಿಗೆ ಸೇರಿಸಿದ್ದರು. ಅರ್ಧ ಪುಟ ದೊಡ್ಡ ದೊಡ್ಡ ಮಾತು ಬರೆದಿದ್ದೆ. ಆ ವಾಸನೆ ಮೂಗಿಗೆ ಬಡಿದ ಮೇಲೆ ಓದಿ ನೋಡಿದರೆ ನನಗೇ ನಗು ಬಂತು. ಹಾಳೆ ಹರಿದು ಹಾಕಿ, ಖಾನಾಪುರದ ಪದ್ಮಾ ಅತ್ತಿಯನ್ನು ನೆನೆಯುತ್ತ ಕೂತೆ.

ಪದ್ಮಾ ಅತ್ತಿ ನನ್ನ ಅಪ್ಪನ ಅಕ್ಕ. ಇಪ್ಪತ್ತಾರನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡಾಗ ಅವಳ ಪಾಲಿಗೆ ಉಳಿದದ್ದು ಒಂದು ಹಂಚಿನ ಕಾರ್ಖಾನೆ. ಮಾರಿಬಿಡು ಎಂದು ಹತ್ತು ಜನ ಹೇಳಿದರು. "ಆರ ತಿಂಗಳ ನಡಿಸಿ ನೋಡ್ತೀನಿ, ಆಮ್ಯಾಲ ಮಾರೂಣು" ಎಂದವಳು ಮೂವತ್ತು ವರ್ಷ ನಡೆಸಿದಳು. ಕಾರ್ಖಾನೆಯ ಹಿಂದೆಯೇ ಮನೆ. ಬೆಳಿಗ್ಗೆ ಬಿಳಿ ಸೀರೆ ಉಟ್ಟು ಹೋದರೆ ಸಂಜೆ ಹೊತ್ತಿಗೆ ಅದಕ್ಕೆ ಮೊಣಕಾಲಿನವರೆಗೆ ಕೆಂಪು ಅಂಚು ಬಂದಿರುತ್ತಿತ್ತು. ಹಂಚು ಕೊಳ್ಳಲು ಬಂದವರು ಅವಳನ್ನೇ ನೋಡುತ್ತ "ಮಾಲಕರು ಎಲ್ಲಿ ಅದಾರ್ರಿ?" ಎಂದು ಕೇಳುತ್ತಿದ್ದರು. "ಇಲ್ಲೇ ಅದಾರ, ಕುಂದರ್ರಿ" ಎಂದು ಹೇಳಿ, ಅವರು ಕೂತು ಚಹಾ ಕುಡಿದು ಮುಗಿಸುವವರೆಗೂ ಸುಮ್ಮನಿದ್ದು, ಆಮೇಲೆ "ಹೂಂ, ಹೇಳ್ರಿ, ಎಷ್ಟ ಹಂಚ ಬೇಕು?" ಎನ್ನುವಳು. ಅವರ ಮುಖ ನೋಡಲು ನಾನು ಬಾಗಿಲ ಸಂದಿಯಲ್ಲಿ ನಿಂತಿರುತ್ತಿದ್ದೆ. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ. ಮಣ್ಣು ತೊಳೆದ ಕೈಯಲ್ಲಿ ಜೋಳದ ರೊಟ್ಟಿ ಮುರಿಯುತ್ತ ಅತ್ತಿ ಅಂದಿನ ಗಿರಾಕಿಗಳ ಅಣಕು ಮಾಡುವಳು. ಅವಳು ನಕ್ಕರೆ ಅಡುಗೆಮನೆಯ ಡಬ್ಬಿಗಳೂ ನಕ್ಕಂತೆ ಇರುತ್ತಿತ್ತು. ನಿಮ್ಮ ಬಳಗದಲ್ಲೂ ಇಂಥವಳೊಬ್ಬಳು ಇದ್ದಿರಬೇಕು. ಇದ್ದರೆ, ಅವಳು ಹೋದ ಮೇಲೆ ಮನೆ ಎಷ್ಟು ಸಪ್ಪಗಾಗುತ್ತದೆ ಎಂಬುದೂ ನಿಮಗೆ ಗೊತ್ತು.

ಹತ್ತನೇ ಇಯತ್ತೆಯ ಪರೀಕ್ಷೆ ಮುಗಿದಾಗ ನಾನು ಪಾಲಿಟೆಕ್ನಿಕ್ಕಿಗೆ ಹೋಗಿ ಸಿವಿಲ್ ಓದುತ್ತೇನೆಂದು ಹಟ ಹಿಡಿದೆ. ಬೆಳಗಾವಿಯ ಶಿವಬಸವ ನಗರದಲ್ಲಿದ್ದ ನಮ್ಮ ಬಾಡಿಗೆ ಮನೆಯಲ್ಲಿ ಅಪ್ಪ ಎರಡು ದಿನ ಮಾತು ಬಿಟ್ಟ. ಅತ್ತಿ ಬಂದಾಗ ಅವಳ ಮುಂದೆ ದೂರು ಹೇಳಿದ: "ಹೆಣ್ಣ ಹುಡುಗಿ ಇಟ್ಟಂಗಿ ಕಲ್ಲಿನ್ಯಾಗ ನಿಂತು ಏನ ಮಾಡ್ತಾಳಕ್ಕಾ?"

"ನಾ ಏನ ಗಂಡಸ ಅದೀನೇನೋ?" ಎಂದಳು ಅತ್ತಿ. "ಈ ಸೂಟಿ ನನ್ನ ಕಡೆ ಕಳಸು. ಮಂದಿ ಕಡಿಂದ ಕೆಲಸಾ ಮಾಡಸಾಕ ಬಂತಂದ್ರ ನಾನ ಕರಕೊಂಡ ಹೋಗಿ ಹೆಸರ ಹಚ್ಚತೀನಿ. ಬರಲಿಲ್ಲಂದ್ರ ನಿನ್ನ ಮಾತ ಖರೇ."

ಹೀಗೆ ನನ್ನ ಓದು ಒಂದು ಬೇಸಿಗೆ ಸೂಟಿಯ ಮೇಲೆ ನಿಂತಿತು. ಮೊದಲ ಹದಿನೈದು ದಿನ ಅತ್ತಿಯ ಹಿಂದೆ ತಿರುಗಿದೆ. ಕೆರೆಯ ಮಣ್ಣನ್ನು ನೆನೆಹಾಕಿ, ತುಳಿದು, ಅಚ್ಚಿನಲ್ಲಿ ಒತ್ತಿ, ಹಸಿ ಹಂಚನ್ನು ನೆರಳಿನ ಚಪ್ಪರದಲ್ಲಿ ಸಾಲಾಗಿ ಇಟ್ಟು ಒಣಗಿಸಿ, ಆಮೇಲೆ ಭಟ್ಟಿಗೆ ಹಾಕಿ ಸುಡುತ್ತಿದ್ದರು. ಚಪ್ಪರದ ಕೆಲಸದ ಹೆಂಗಸರಿಗೆಲ್ಲ ಹಿರಿಯಳು ಶಾಂತಾಬಾಯಿ. ಕಚ್ಚೆ ಸೀರೆ, ಹಣೆಯ ತುಂಬ ಕುಂಕುಮ, ಅರ್ಧ ಮರಾಠಿ ಅರ್ಧ ಕನ್ನಡ. ಹಸಿ ಹಂಚನ್ನು ಅವಳು ಕೂಸು ಎತ್ತಿದ ಹಾಗೆ ಎತ್ತುತ್ತಿದ್ದಳು. ಆಮೇಲೊಂದು ದಿನ ಅತ್ತಿ ನೆಂಟರ ಮದುವೆಗೆಂದು ಬೆಳಗಾವಿಗೆ ಹೊರಟಳು. "ಎರಡ ದಿನ ಚಪ್ಪರ ನಿಂದ" ಎಂದು ಹೇಳಿ ರೈಲು ಹತ್ತಿದಳು.

ಒಂದು ವಾರದಿಂದ ಮೋಡ ಕವಿದು ಹಂಚು ಒಣಗಿರಲಿಲ್ಲ, ಭಟ್ಟಿ ಖಾಲಿ ಕೂತಿತ್ತು. ಅತ್ತಿ ಹೋದ ದಿನವೇ ಬಿಸಿಲು ಫಳಫಳ ಬಿತ್ತು. ನನಗೆ ತಡೆಯಲಾಗಲಿಲ್ಲ. ಹಂಚನ್ನೆಲ್ಲ ಅಂಗಳಕ್ಕೆ ತಂದು ಬಿಸಿಲಿಗೆ ಹರಡಲು ಹೇಳಿದೆ. ಶಾಂತಾಬಾಯಿ ಒಂದು ಗಳಿಗೆ ನಿಂತಳು, ಹಂಚು ನೋಡಿದಳು, ನನ್ನನ್ನು ನೋಡಿದಳು, ಸೆರಗು ಬಿಗಿದುಕೊಂಡು ಹೊರಲು ಶುರು ಮಾಡಿದಳು. ಸಂಜೆಗೆ ಹಂಚು ಒಣಗಿ ಗಟ್ಟಿಯಾಗಿದ್ದವು. ನಾನು ಆಗಲೇ ಎಂಜಿನಿಯರಾದಂತೆ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಬೆಳಿಗ್ಗೆ ಎದ್ದು ನೋಡಿದರೆ ಒಂದೊಂದು ಹಂಚೂ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಮೂಲೆ ಎತ್ತಿಕೊಂಡು ಕೂತಿತ್ತು. ಮನೆಯ ಮಾಡಿಗೆ ಹೊದಿಸಿದರೆ ಒಂದರ ಮೇಲೊಂದು ಕೂರುವಂತಿರಲಿಲ್ಲ. ಮರುದಿನ ಅತ್ತಿ ಬಂದು ಒಂದನ್ನು ನೆಲಕ್ಕಿಟ್ಟು ಬೆರಳಿನಿಂದ ಒತ್ತಿದಳು. ಅದು ತೊಟ್ಟಿಲಂತೆ ತೂಗಿತು. "ಯಾರ ಇಟ್ಟಾರ ಬಿಸಿಲಿಗೆ?" ಎಂದಳು. ನನ್ನ ಕಣ್ಣ ಮುಂದೆ ಪಾಲಿಟೆಕ್ನಿಕ್ಕಿನ ಗೇಟು ಮುಚ್ಚಿಕೊಂಡಿತು.

"ನಾನ ಇಟ್ಟೇನ್ರಿ ಅಕ್ಕಾರ" ಎಂದಳು ಶಾಂತಾಬಾಯಿ.

ಅತ್ತಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಎಲ್ಲ ಹೆಂಗಸರ ಎದುರು ಅವಳನ್ನು ಬೈದಳು: "ಇಷ್ಟ ವರ್ಷ ಆದ್ರೂ ಬುದ್ಧಿ ಬರಲಿಲ್ಲೇನ ನಿನಗ?" ಶಾಂತಾಬಾಯಿ ತಲೆ ತಗ್ಗಿಸಿ ನಿಂತಿದ್ದಳು. ಅವಳ ಬಾಜುವಿನಲ್ಲೇ ನಾನೂ ನಿಂತಿದ್ದೆ, ಸುಮ್ಮನೆ. ಇಷ್ಟು ವರ್ಷಗಳ ಮೇಲೂ ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಸಂಜೆ ಊಟಕ್ಕೆ ಕೂತಾಗ, "ಬಿಸಿಲಿಗೆ ಇಡಿಸಿದಾಕಿ ನಾನ ಅತ್ತಿ" ಎಂದು ಅತ್ತುಬಿಟ್ಟೆ. ಅತ್ತಿ ತಾಟಿಗೆ ತುಪ್ಪ ಬಡಿಸಿದಳು. "ನನಗ ಹೇಳಿದ್ರ ಏನ ಬಂತು? ಬೈಸಿಕೊಂಡಾಕಿ ನಾನಲ್ಲ. ನಾಳಿ ಚಹಾದ ಹೊತ್ತಿಗೆ ಎಲ್ಲಾರ ಮುಂದ ಹೇಳು. ನಾನೂ ಅಲ್ಲೇ ಆಕಿಗೆ ಮಾಫಿ ಕೇಳತೀನಿ."

ಮರುದಿನ ಎಲ್ಲರ ಮುಂದೆ ನಿಂತು ಹೇಳಿದೆ. ಅಳುವಿನಲ್ಲಿ ಯಾವ ಮಾತು ಕನ್ನಡ, ಯಾವುದು ಮರಾಠಿ ಎಂಬುದು ನನಗೇ ತಿಳಿಯಲಿಲ್ಲ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅತ್ತಿಯೂ ಹೇಳಿದಂತೆ ಶಾಂತಾಬಾಯಿಗೆ ಮಾಫಿ ಕೇಳಿದಳು. ಸುಡದ ಹಂಚು ಹಾಳಾಗುವುದಿಲ್ಲ, ನೆನೆಹಾಕಿದರೆ ಮತ್ತೆ ಮಣ್ಣೇ. ಎರಡು ದಿನ ಅವರ ಜೊತೆ ಗುಂಡಿಯಲ್ಲಿ ಇಳಿದು ಮಣ್ಣು ತುಳಿದೆ, ಅವರ ಹಾಡಿಗೆ ತಪ್ಪು ತಪ್ಪಾಗಿ ದನಿಗೂಡಿಸಿದೆ. ಆ ಸೂಟಿಯ ಅತಿ ಸುಖದ ದಿನಗಳು ಅವೇ. ಜೂನ್ ತಿಂಗಳಲ್ಲಿ ಅತ್ತಿ ನನ್ನ ಕೈ ಹಿಡಿದು ಪಾಲಿಟೆಕ್ನಿಕ್ಕಿನ ಮೆಟ್ಟಿಲು ಹತ್ತಿಸಿದಳು. ಇಡೀ ವರ್ಗದಲ್ಲಿ ನಾವು ಮೂವರೇ ಹುಡುಗಿಯರು.

ಅತ್ತಿ ಹೋಗಿ ಒಂಬತ್ತು ವರ್ಷವಾಯಿತು. ಕಾರ್ಖಾನೆ ಅದಕ್ಕೂ ಮೊದಲೇ ನಿಂತಿತ್ತು. ಆ ಜಾಗದಲ್ಲಿ ಈಗ ಸ್ಲ್ಯಾಬಿನ ಮನೆಗಳು. ಹಂಚಿನ ಅನ್ನ ಉಂಡ ನಾನೇ ಜಿಲ್ಲೆಯ ತುಂಬ ಸ್ಲ್ಯಾಬು ಹಾಕಿಸುತ್ತ ತಿರುಗಿದವಳು, ಯಾರನ್ನು ದೂರಲಿ?

ಕಾಲೇಜಿನಲ್ಲಿ ಈ ಕಥೆಯನ್ನೇ ಹೇಳಿದೆ. "ತಪ್ಪಾದರೆ ಎಲ್ಲರ ಎದುರು ಒಪ್ಪಿಕೊಳ್ಳಿ, ಯಾವ ಹುದ್ದೆಯೂ ಇದಕ್ಕಿಂತ ದೊಡ್ಡ ಪಾಠ ಕಲಿಸುವುದಿಲ್ಲ" ಎಂದು ಮುಗಿಸಿದೆ. ಜೋರು ಚಪ್ಪಾಳೆ. ಕೊನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಮ್, ಶಾಂತಾಬಾಯಾರು ಯಾಕ ಸುಳ್ಳ ಹೇಳಿದ್ರು?" ನನ್ನ ಮೇಲಿನ ಪ್ರೀತಿಗೆ ಎಂದೆ. ಅವಳು ಕೂತಳು, ಆದರೆ ಒಪ್ಪಿದಂತೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಒಪ್ಪಿರಲಿಲ್ಲ.

ರವಿವಾರ ಖಾನಾಪುರಕ್ಕೆ ಹೋದೆ. ಶಾಂತಾಬಾಯಿ ಮಗಳ ಮನೆಯ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಕಣ್ಣು ಮಂಜಾಗಿದೆ, ದನಿ ಹಾಗೇ ಇದೆ. ಗುರುತು ಹೇಳಿದೊಡನೆ ನನ್ನ ಗಲ್ಲ ಹಿಡಿದು ನಕ್ಕಳು. ಅಂದು ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ.

"ಸುಳ್ಳ ಎಲ್ಲಿ ಬಂತು ಬಾಳಾ, ನನ್ನ ಕೂಸ? ಬಿಸಿಲಿಗೆ ಇಟ್ರ ಡೊಂಕ ಆಗ್ತಾವ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಹೊತ್ತ ಇಟ್ಟೆ. ಅಂದಮ್ಯಾಲ ನಾನ ಇಟ್ಟಂಗ ಆತಲ್ಲ?"

"ಗೊತ್ತಿತ್ತಂದ್ರ ಆಗ ಯಾಕ ಹೇಳಲಿಲ್ಲ?"

ಅವಳ ಕೈ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನೀ ಎಲ್ಲಿ ಕೇಳಿದಿ?" ಎಂದಳು, ನಗುತ್ತಲೇ. ಆಮೇಲೆ ಒಳಗೆ ಕೂಗಿ ಮಗಳಿಗೆ ಚಹಾ ಇಡಲು ಹೇಳಿದಳು.

ಮೂವತ್ತು ವರ್ಷದಲ್ಲಿ ಗೋಡೆ ಕಟ್ಟುವ ಎಷ್ಟು ಗವಂಡಿಗಳು, ಎಷ್ಟು ಕೂಲಿಯವರು ನನ್ನೆದುರು ಹಾಗೆ ಒಂದು ಗಳಿಗೆ ನಿಂತು, ನನ್ನ ಮುಖ ನೋಡಿ, ಮಾತಾಡದೆ ಹೊತ್ತಿರಬಹುದು! ನಾನು ಒಪ್ಪಿಕೊಂಡು ಬೀಗಿದ್ದೆಲ್ಲ ಸಣ್ಣ ತಪ್ಪು; ದೊಡ್ಡದು ಯಾರೂ ಬೈಯದೆ ಹಾಗೇ ಉಳಿದಿತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ, ಇದನ್ನು ಅತ್ತಿಗೆ ಹೇಳಬೇಕು, ಹೊಟ್ಟೆ ಹಿಡಿದು ನಗುತ್ತಾಳೆ ಅಂದುಕೊಂಡೆ. ಅವಳಿಲ್ಲವೆಂಬುದು ನೆನಪಾಗಲು ಒಂದು ಗಳಿಗೆ ಬೇಕಾಯಿತು. ಕೊನೆಯ ಸಾಲಿನ ಆ ಹುಡುಗಿಗಾದರೂ ಹೇಳೋಣವೆಂದರೆ, ಅವಳ ಹೆಸರನ್ನೂ ನಾನು ಕೇಳಿರಲಿಲ್ಲ.