ಕೆಂಪು ಗಾಡಿಯ ತಿಳಿನೀರು

ಬಂಗಾರಪೇಟೆ ಸ್ಟೇಷನ್ ಹೊರಗೆ ಇಪ್ಪತ್ತೆರಡು ವರ್ಷದಿಂದ ಪಾನಿಪೂರಿ ಮಾರುವ ಮುನಿಶಾಮಮ್ಮ ಯಾರನ್ನೂ ಸುಲಭಕ್ಕೆ ನಂಬಿದವಳಲ್ಲ. ಕೊತ್ತಂಬರಿ ಕಟ್ಟನ್ನು ಬಿಚ್ಚಿ ಒಳಗೆ ಕೈಯಾಡಿಸದೆ ಕೊಳ್ಳುವುದಿಲ್ಲ. ಮಸಾಲೆಯ ಅಳತೆಯನ್ನು ಹೆತ್ತ ಮಗಳಿಗೂ ಹೇಳಿಲ್ಲ. ಅವಳ ಪಾನಿ ಈ ಊರಿನ ಪಾನಿ, ಕುಡಿಯುವ ನೀರಿನಷ್ಟೇ ತಿಳಿ. ಬಾಯಿಗೆ ಬಿದ್ದ ಮೇಲೆ ಖಾರ ಕಿವಿಗೇರುತ್ತದೆ.

ಇಂಥವಳ ಹತ್ತಿರ ತಮ್ಮನ ಮಗ ಕಾಂತರಾಜ್ ಬಂದ. ಅಂಗಡಿಗಳಿಗೆ ಬೋರ್ಡು ಬರೆಯುವವನು, ಈಚೆಗೆ ಬ್ರ್ಯಾಂಡಿಂಗ್ ಕೋರ್ಸ್ ಬೇರೆ ಮುಗಿಸಿದ್ದ.

“ಅತ್ತೆ, ನಿನ್ ಗಾಡಿಯ ಈ ಮಾಸಿದ ನೀಲಿ ನೋಡುದ್ರೆ ಯಾರ್ಗೂ ಅಸಿವಾಗಲ್ಲ. ಕೆಂಪು ಕಂಡ್ರೆ ಅಸಿವು, ಅಳದಿ ಕಂಡ್ರೆ ಖುಷಿ. ಬಣ್ಣ ಸೀದಾ ಮನಸಿಗೇ ಓಗ್ತದೆ. ಪುಕ್ಕಟೆ ಬಳೀತೀನಿ.”

“ಪುಕ್ಕಟೇನಾ? ಯಾಕ್ಲಾ?”

“ಫೋಟೋ ತಗ್ದು ಬೇರೆ ಅಂಗ್ಡಿಯೋರ್ಗೆ ತೋರುಸ್ತೀನಿ, ಅಷ್ಟೇ.”

ಇವನ ಕಣ್ಣು ಮಸಾಲೆ ಡಬ್ಬದ ಮೇಲಿದೆ ಎಂದೇ ಅವಳಿಗೆ ಅನ್ನಿಸಿತು. ಆದರೆ ಎದುರಿಗೆ ಹೊಸ ಚಾಟ್ ಅಂಗಡಿ ತೆರೆದ ಮೇಲೆ ವ್ಯಾಪಾರ ಬಿದ್ದುಹೋಗಿತ್ತು. ಹೀಗೇ ಆದರೆ ಗಾಡಿ ನಿಲ್ಲಿಸಬೇಕಾದೀತು. ಒಪ್ಪಿದಳು. ಅವನು ಗಾಡಿಗೆಲ್ಲ ಕೆಂಪು ಬಳಿದು ಮುಗಿಸುವವರೆಗೂ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲೇ ಕೂತಳು. ಪಾಪ, ಅವನು ಆ ಕಡೆ ತಿರುಗಿಯೂ ನೋಡಲಿಲ್ಲ.

ಮೊದಲ ಸಂಜೆಯೇ ಹೊಸ ಮುಖಗಳು ಬಂದವು. ಮಾರಿಕುಪ್ಪಂ ರೈಲಿಗೆ ಕಾಯುವ ಕದಿರಪ್ಪ, ಅವಳ ಖಾಯಂ ಗಿರಾಕಿ, ಮಾತ್ರ ದೂರದಲ್ಲೇ ನಿಂತ. ಕೊನೆಗೆ ಬಂದು ಒಂದು ಪೂರಿ ಬಾಯಿಗಿಟ್ಟು ಮುಖ ಕಿವುಚಿದ.

“ಏನಮ್ಮ ಬೆರಸಿದ್ದೀಯ? ಸಪ್ಪೆ ಐತೆ.”

“ಏನೂ ಬೆರಸಿಲ್ಲ ಕಣಣ್ಣ! ಅದೇ ನೀರು, ಅದೇ ಕೈ.”

ಅವನು ನಂಬಲಿಲ್ಲ. ಊರನ್ನೆಲ್ಲ ಅನುಮಾನಿಸಿದವಳ ಮೇಲೇ ಈಗ ಅನುಮಾನ ಬಿತ್ತು. ತಾನೇ ಒಂದು ಲೋಟ ಕುಡಿದಳು. ಸಪ್ಪೆ! ಕಾಂತರಾಜನೇ ಡಬ್ಬಕ್ಕೆ ಕೈ ಹಾಕಿದನೇ? ಆದರೆ ಡಬ್ಬ ಅವಳ ಮಡಿಲು ಬಿಟ್ಟು ಇಳಿದೇ ಇರಲಿಲ್ಲ. ಗಾಡಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ, ಇನ್ನೊಂದು ಗುಟುಕು ಕುಡಿದಳು. ಖಾರ ಕಿವಿಗೇರಿತು.

“ಅಣ್ಣ, ನೀನೂ ಕಣ್ಮುಚ್ಕೊಂಡು ಕುಡಿ.”

ಕದಿರಪ್ಪ ಕುಡಿದ. ಮುಚ್ಚಿದ ಕಣ್ಣಿಂದ ನೀರಿಳಿಯಿತು. “ಇದೇ ಕಣಮ್ಮ ನಿಂದು!”

ಮರುದಿನ ಫೋಟೋ ತೆಗೆಯಲು ಕಾಂತರಾಜ್ ಬಂದಾಗ ಅತ್ತೆ ಕೆಂಪಿನ ಮೇಲೆ ಹಳೇ ನೀಲಿಯನ್ನೇ ಬಳಿಯುತ್ತಿದ್ದಳು.

“ಅಯ್ಯೋ ಅತ್ತೆ! ನಾನೇಳಿದ್ದು ಸುಳ್ಳು ಅಂದ್ಕೊಂಡ್ಯಾ?”

“ಇಲ್ಲ ಕಣ್ಲಾ, ನಿಜ. ಕೆಂಪು ನೋಡ್ತಾ ಕುಡುದ್ರೆ ಖಾರಾನೂ ಸಪ್ಪೆ ಅನ್ನುಸ್ತದೆ, ನನ್ ನಾಲ್ಗೇನೇ ಮೋಸ ಓಯ್ತು. ನಾಲ್ಗೇನೇ ನಂಬಕ್ಕಾಗದಿದ್ರೆ ನಾಳೆ ಮಸಾಲೆ ಎಂಗ್ಲಾ ಆಕ್ಲಿ?”