ನಾಲ್ಕು ಬೆರಳಿನ ದೂರ

ಬೆಳಗಿನ ಐದೂವರೆ. ಬರ್ಗ್ ನದಿ ಕಡಲು ಸೇರುವಲ್ಲಿನ ಮೀನುಗಾರರ ಊರು ಲಾಯ್‌ಪ್ಲೆಕ್‌ನಲ್ಲಿ ಮಂಜು ಇನ್ನೂ ದೋಣಿಗಳ ಮೇಲಿಂದ ಎದ್ದಿಲ್ಲ. ಮೀನು ಒಣಹಾಕುವ ಚಪ್ಪರಗಳ ಹಿಂದಿನ ಬೀದಿಯಲ್ಲಿ, ತಗಡಿನ ಶೆಡ್ಡಿನೊಳಗೆ, ಐಸಾಕ್ ಅಪೊಲ್ಲಿಸ್ ಹಳೆಯ ಕಾಂಬಿ ವ್ಯಾನಿನಲ್ಲಿ ಮಂಡಿಯೂರಿ ಕೂತು ಒಂದು ಹಲಗೆ ಹಾಸಿಗೆಯ ಸ್ಕ್ರೂಗಳನ್ನು ಬಿಚ್ಚುತ್ತಿದ್ದಾರೆ. ಒಟ್ಟು ಇಪ್ಪತ್ತಾರು ಸ್ಕ್ರೂ. ಬಿಚ್ಚಿದ್ದನ್ನೆಲ್ಲ ಪಕ್ಕದ ಖಾಲಿ ಮೀನಿನ ಡಬ್ಬಕ್ಕೆ ಹಾಕುತ್ತಾರೆ. ಇಪ್ಪತ್ನಾಲ್ಕು ಸಲೀಸಾಗಿ ಬರುತ್ತವೆ. ಕೊನೆಯ ಎರಡಕ್ಕೆ ಬಂದಾಗ ಸ್ಕ್ರೂಡ್ರೈವರ್ ಕೆಳಗಿಟ್ಟು, ವ್ಯಾನಿನ ಮೆಟ್ಟಿಲ ಮೇಲೆ ಬಂದು ಕೂತುಬಿಡುತ್ತಾರೆ.

ಊರಿನ ಚಿಕಿತ್ಸಾಲಯದ ನರ್ಸ್ ವೆಲ್ಮಾ ಕೆಲಸಕ್ಕೆ ಹೋಗುವ ದಾರಿಯಲ್ಲಿ ಫ್ಲಾಸ್ಕ್ ಹಿಡಿದುಕೊಂಡು ಒಳಗೆ ಬರುತ್ತಾರೆ. ಇವರ ಮುಖ ನೋಡಿ ಕಾಫಿ ಬಗ್ಗಿಸಿ ಕೊಡುತ್ತಾರೆ.

"ತುಕ್ಕು ಹಿಡಿದಿದ್ಯಾ ಮಾಮ?"

"ಇಲ್ಲಮ್ಮ. ಹಿತ್ತಾಳೆ ಸ್ಕ್ರೂ. ಇವಕ್ಕೆ ತುಕ್ಕು ಹಿಡಿಯಲ್ಲ. ಅದೇ ಕಷ್ಟ ನೋಡು."

ಈ ಹಾಸಿಗೆಯ ಮೇಲೆ ಇವತ್ತಿನವರೆಗೂ ಯಾರೂ ಮಲಗಿಲ್ಲ. ಐಸಾಕ್ ಇದನ್ನು ಹೆಂಡತಿ ಲೀನಿಗಾಗಿ ಮಾಡಿದ್ದರು. ಲೀನಿ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ವ್ಯಾನು ಅಂದಿನಿಂದ ಟಾರ್ಪಾಲಿನ ಕೆಳಗೇ ಇತ್ತು. ಈಗ ಅದರಲ್ಲಿ ಬೇರೊಬ್ಬ ಹೆಣ್ಣುಮಗಳು ಹೋಗಬೇಕಾಗಿದೆ. ಶನಿವಾರದೊಳಗೆ ಹೊರಡದಿದ್ದರೆ ಅವಳ ತಾಯಿ ಅವಳಿಗೆ ಸಿಗುವುದು ಅನುಮಾನ.

ಅರವತ್ತೆಂಟರ ಐಸಾಕ್ ಮೂಲತಃ ದೋಣಿ ಬಡಗಿ. ಮೂವತ್ತೆಂಟು ವರ್ಷದ ಹಿಂದೆ ಯಾರೋ ಹಳೆಯ ಕಾಂಬಿ ತಂದು "ಇದರಲ್ಲೊಂದು ಹಾಸಿಗೆ, ಒಂದು ಅಡಿಗೆಕಟ್ಟೆ ಮಾಡಿಕೊಡು" ಎಂದು ಕೇಳಿದರು. ಅವತ್ತು ಮಾಡಿದ್ದೇ ಕೈಗೆ ಹತ್ತಿತು. ಇಲ್ಲಿಯವರೆಗೆ ಬೇರೆಯವರ ಅರವತ್ತೊಂದು ವ್ಯಾನುಗಳನ್ನು ಓಡಾಡುವ ಮನೆಗಳನ್ನಾಗಿ ಮಾಡಿದ್ದಾರೆ. ಅಂಗಡಿಯಿಂದ ತಂದ ಸಾಮಾನು ಕಡಿಮೆ, ತಲೆ ಓಡಿಸಿ ಮಾಡಿದ್ದೇ ಜಾಸ್ತಿ. ಅವರ ಡ್ರಾಯರುಗಳು ಒಂದು ಬೆರಳಷ್ಟು ಮೇಲೆತ್ತಿ ಎಳೆದರೆ ಮಾತ್ರ ಬರುತ್ತವೆ. ದೋಣಿಯಲ್ಲಿ ಹಾಗೇ ಮಾಡುವುದು, ಇಲ್ಲದಿದ್ದರೆ ಮೊದಲ ಅಲೆಗೇ ಚಮಚ ಸೌಟೆಲ್ಲ ನೆಲದ ಪಾಲು. ತರಕಾರಿ ಹೆಚ್ಚುವ ಹಲಗೆ ತಿರುಗಿಸಿ ಇಟ್ಟರೆ ಪಾತ್ರೆ ತೊಳೆಯುವ ತೊಟ್ಟಿಗೆ ಮುಚ್ಚಳ. ಛಾವಣಿಯ ಮೇಲೆ ಕಪ್ಪು ಬಣ್ಣ ಬಳಿದ ಪೈಪು. ಬಿಸಿಲಿಗೆ ಒಳಗಿನ ನೀರು ಕಾಯುತ್ತದೆ, ಸೈಕಲ್ ಪಂಪಿನಿಂದ ನಾಲ್ಕು ಸಲ ಗಾಳಿ ಒತ್ತಿದರೆ ಸ್ನಾನಕ್ಕೆ ಸುರಿಯುತ್ತದೆ. ಪರದೆಗಳು ಮೀನಿನ ಬಲೆಯ ದಾರದ ಮೇಲೆ ಓಡುತ್ತವೆ. ಮುಚ್ಚಳ ಬಿಗಿಯಾದ ಒಂದು ಬಕೆಟ್ಟನ್ನು ಹಿಂದೆ ಕಟ್ಟಿರುತ್ತಾರೆ. ಬಟ್ಟೆ, ನೀರು, ಸೋಪು ಹಾಕಿ ಹೊರಟರೆ ಸಾಕು, ಮುಂದಿನ ಊರು ಬರುವಷ್ಟರಲ್ಲಿ ಹಳ್ಳದಿಣ್ಣೆಯ ರಸ್ತೆಯೇ ಒಗೆದು ಕೊಟ್ಟಿರುತ್ತದೆ.

ಇಷ್ಟೆಲ್ಲ ಮಾಡಿದವರ ಹೆಸರು ಯಾರಿಗೂ ಗೊತ್ತಿಲ್ಲ. ಒಂದು ಸಲ ಪತ್ರಿಕೆಯೊಂದರಲ್ಲಿ ಅವರ ವ್ಯಾನಿನ ಚಿತ್ರಗಳು ಎರಡು ಪುಟ ತುಂಬಾ ಬಂದಿದ್ದವು. ಕೆಳಗೆ "ಮಾಲೀಕರ ಸ್ವಂತ ಕೈಚಳಕ" ಎಂದಿತ್ತು. ಲೀನಿ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದರು, 'ಮಾಲೀಕರ' ಅನ್ನುವುದನ್ನು ಪೆನ್ನಿನಲ್ಲಿ ಹೊಡೆದು ಹಾಕಿ. ಅದು ಈಗಲೂ ಅಲ್ಲೇ ಇದೆ. ಶುರುವಿನ ಮೂರ್ನಾಲ್ಕು ವರ್ಷವಂತೂ ಅವರ ಹಾಸಿಗೆಗಳು ಹೋಗುತ್ತಿದ್ದ ಕಡಲತೀರಗಳಿಗೆ ಅವರೇ ಕಾಲಿಡುವಂತಿರಲಿಲ್ಲ, ಅವು ಬಿಳಿಯರಿಗೆ ಮಾತ್ರ ಎಂದಿತ್ತು ಆಗಿನ ಕಾನೂನು. "ನನ್ ಹಲಗೆಗಳು ನನಗಿಂತ ಜಾಸ್ತಿ ಊರು ನೋಡಿವೆ" ಎಂದು ನಗುತ್ತಾರೆ. ಕೇಳಿದವರಿಗೆ ನಗು ಬರುವುದಿಲ್ಲ.

ಅವರದೊಂದು ಪದ್ಧತಿಯಿದೆ. ಹಾಸಿಗೆ ಬೇಕೆಂದು ಬಂದವರನ್ನು ನೆಲದ ಮೇಲೆ ಕಂದು ಕಾಗದ ಹಾಸಿ ಮಲಗಿಸುತ್ತಾರೆ. ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಭುಜ ಎಲ್ಲಿ, ಮಂಡಿ ಎಲ್ಲಿ ಮಡಿಸುತ್ತಾರೆ, ಕೈ ಚಾಚಿದರೆ ಎಲ್ಲಿಗೆ ಎಟಕುತ್ತದೆ, ಎಲ್ಲಕ್ಕೂ ಗುರುತು. ಗಂಡ, ಹೆಂಡತಿ, ಮಕ್ಕಳು ಪಕ್ಕಪಕ್ಕ ಮಲಗಿ ಕಿಸಕಿಸ ನಗುತ್ತಿರುವಾಗ ಇವರು ಗಂಭೀರವಾಗಿ ಗೆರೆ ಎಳೆಯುತ್ತಿರುತ್ತಾರೆ. ಆಮೇಲೆ ಆ ಕಾಗದಕ್ಕೆ ಹೆಸರು ಬರೆದು, ಸುರುಳಿ ಸುತ್ತಿ, ಶೆಡ್ಡಿನ ತೊಲೆಯ ಮೇಲಿಡುತ್ತಾರೆ. ಅರವತ್ತೊಂದು ಸುರುಳಿಗಳೂ ಅಲ್ಲಿವೆ.

ಲೀನಿಗೆ ಮೂತ್ರಪಿಂಡ ಕೈಕೊಟ್ಟದ್ದು ಮೀನಿನ ಕಾರ್ಖಾನೆಯ ಕೆಲಸದಿಂದ ನಿವೃತ್ತಿಯಾದ ಮರುವರ್ಷ. ದಿನಕ್ಕೆ ನಾಲ್ಕು ಸಲ ಎರಡು ಲೀಟರಿನ ಔಷಧದ ನೀರನ್ನು ನಳಿಗೆಯಲ್ಲಿ ಹೊಟ್ಟೆಯೊಳಗೆ ಬಿಟ್ಟು, ಹಳೆಯದನ್ನು ಹೊರಗೆ ತೆಗೆಯಬೇಕು. ಪ್ರತಿ ಸಲ ಅರ್ಧ ಗಂಟೆಗೂ ಮಿಕ್ಕಿ. ಕೈ ತೊಳೆದಿರಬೇಕು, ಗಾಳಿ ಬೀಸಬಾರದು, ಧೂಳಿರಬಾರದು. ಹೀಗಿರುವಾಗ ದೂರದೂರಿಗೆ ಹೋಗುವುದೆಲ್ಲಿ? ಅವರಿಗೆ ಇದ್ದದ್ದು ಒಂದೇ ಆಸೆ. ಉತ್ತರಕ್ಕೆ, ಹೊಂಡೆಕ್ಲಿಪ್ ಎಂಬ ಕಡಲೂರಿನಲ್ಲಿ, ಹನ್ನೊಂದು ವರ್ಷದಿಂದ ಮುಖ ನೋಡದ ತಂಗಿ ಸಾನಾ ಇದ್ದಾಳೆ. ಅವಳ ಹಿತ್ತಿಲಲ್ಲಿ ಕೂತು ಒಂದು ಲೋಟ ಕಾಫಿ ಕುಡಿಯಬೇಕು.

ಐಸಾಕ್ ತಮಗಾಗಿ ಎಂದೂ ವ್ಯಾನು ಮಾಡಿಕೊಂಡವರಲ್ಲ. ಆ ವರ್ಷ ಒಂದನ್ನು ಹುಡುಕಿ ತಂದರು. ಔಷಧದ ನೀರಿನ ಚೀಲ ನೇತುಹಾಕಲು ಛಾವಣಿಗೆ ಕೊಕ್ಕೆ. ಕೈಯಲ್ಲಿ ಮುಟ್ಟದೆ ಕಾಲಿನಲ್ಲಿ ಒತ್ತಿದರೆ ನೀರು ಬರುವ ನಲ್ಲಿ. ಕಾಂಬಿಯ ಇಂಜಿನ್ ಹಿಂದುಗಡೆ ತಾನೇ, ಅದರ ಮೇಲಿನ ಹಲಗೆಯಡಿ ಒಂದು ಪೆಟ್ಟಿಗೆ. ವ್ಯಾನು ಓಡುತ್ತಿದ್ದಷ್ಟೂ ಹೊತ್ತು ಔಷಧದ ಚೀಲ ಮೈಬಿಸಿಗೆ ಬೆಚ್ಚಗಿರುತ್ತದೆ. ಕಿಟಕಿಗಳ ಸಂದಿಗೆಲ್ಲ ರಬ್ಬರು. ವೆಲ್ಮಾ ಬಂದು ನೋಡಿ, "ನಮ್ಮ ವಾರ್ಡಿಗಿಂತ ಚೆನ್ನಾಗಿದೆ ಮಾಮ" ಅಂದಿದ್ದರಂತೆ.

ಹಾಸಿಗೆಯೊಂದು ಉಳಿಯಿತು. ಅಳತೆ ಕೊಡಲು ಲೀನಿ ಕಾಗದ ಹಾಸಿಕೊಂಡು ತಾವೇ ನೆಲಕ್ಕಿಳಿದರು. ಐಸಾಕ್ ತೋಳು ಹಿಡಿದು ಎಬ್ಬಿಸಿದರು.

ಅವರ ತಂದೆ ದೋಣಿಯ ಜೊತೆಗೆ ಶವಪೆಟ್ಟಿಗೆಗಳನ್ನೂ ಮಾಡುತ್ತಿದ್ದರು, ಇದೇ ಶೆಡ್ಡಿನಲ್ಲಿ. "ಅಪ್ಪಂದು ಒಂದೇ ಮಾತು. ಕಾಯಿಲೆಯವ್ರನ್ನ ಮಲಗಿಸಿ ಅಳೀಬಾರ್ದು. ಹಾಗೆ ಅಳೆಯೋದು ಒಂದೇ ಸಲ, ಒಂದೇ ಪೆಟ್ಟಿಗೆಗೆ" ಎನ್ನುತ್ತಾರೆ ಐಸಾಕ್. ರಜೆಗೆ ಹೊರಟ ಗಟ್ಟಿಮುಟ್ಟಾದ ಜನರನ್ನು ಮಲಗಿಸುವಾಗ ಆ ಮಾತು ಅಡ್ಡ ಬಂದಿರಲಿಲ್ಲ. ಹೆಂಡತಿ ಕಾಗದದ ಮೇಲೆ ಮಲಗಿದಾಗ ಅಡ್ಡ ಬಂತು. "ನಲವತ್ತೊಂದು ವರ್ಷ ಪಕ್ಕದಲ್ಲಿ ಮಲಗಿದೋಳ ಅಳತೆ ನಂಗೊತ್ತಿಲ್ವಾ ಅಂದ್ಕೊಂಡೆ. ಕಣ್ಣಳತೆಯಲ್ಲೇ ಮಾಡ್ದೆ."

ಕಣ್ಣಿನಲ್ಲಿದ್ದದ್ದು ಕಾರ್ಖಾನೆಗೆ ಹೋಗುತ್ತಿದ್ದ ಲೀನಿ. ಮೀನಿನ ಬುಟ್ಟಿಯನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದ, ಅಗಲ ಭುಜದ, ಬಾಗಿಲಲ್ಲಿ ನಿಂತರೆ ಬೆಳಕು ತಡೆಯುತ್ತಿದ್ದ ಹೆಂಗಸು. ಹಾಸಿಗೆ ಸಿದ್ಧವಾದ ದಿನ ಲೀನಿ ವ್ಯಾನು ಹತ್ತಿ ಅದರ ಮೇಲೆ ಒರಗಿದರು. ಮಲಗಿದಲ್ಲಿಂದಲೇ ನೀರು ಬಿಡಲು, ತಡೆಯಲು ನಳಿಗೆಯ ಕ್ಲಿಪ್ಪನ್ನು ಪಕ್ಕದ ಹಲಗೆಗೆ ಕೂರಿಸಿತ್ತು. ಕೈ ಚಾಚಿದರು. ನಾಲ್ಕು ಬೆರಳು ಸಾಲಲಿಲ್ಲ. ಇನ್ನೊಮ್ಮೆ ಚಾಚಿದರು. ಆಮೇಲೆ ನಕ್ಕರು.

"ಇದ್ಯಾರ ಹಾಸಿಗೆ ರೀ? ಆ ಹಳೇ ಲೀನಿದಾ? ಅವಳು ಹೋಗಿ ಎಷ್ಟು ದಿನ ಆಯ್ತು!"

ಐಸಾಕ್ ಅವತ್ತೇ ಎಲ್ಲವನ್ನೂ ಬಿಚ್ಚಿದರು. ಹಗ್ಗದ ಮೇಲೆ ಒಣಗುತ್ತಿದ್ದ ಲೀನಿಯ ರಾತ್ರಿ ಅಂಗಿಯನ್ನು ಕದ್ದು ತಂದು, ಅದರ ತೋಳು, ಉದ್ದ ಅಳೆದುಕೊಂಡರು. ಹೊಸ ಹಲಗೆ ತರಿಸಿದರು. ಮತ್ತೆ ಮೂರು ವಾರ. ಎರಡನೆಯ ವಾರ ಲೀನಿಗೆ ಹೊಟ್ಟೆಯಲ್ಲಿ ಸೋಂಕಾಯಿತು. ಆಸ್ಪತ್ರೆಯಿಂದ ಅವರು ಹಿಂದಿರುಗಲಿಲ್ಲ. ಇಪ್ಪತ್ತಾರನೆಯ ಸ್ಕ್ರೂ ತಿರುಗಿಸಿದ್ದು ಗುರುವಾರ, ಮಣ್ಣು ಮಾಡಿದ್ದು ಶನಿವಾರ.

"ಮೊದಲ್ನೇ ಸಲಾನೇ ಸರಿಯಾಗಿ ಅಳೆದಿದ್ರೆ ಅವಳು ತಂಗಿ ಮನೇಲಿ ಕಾಫಿ ಕುಡ್ದಿರೋಳು" ಎನ್ನುತ್ತಾರೆ. ಸೋಂಕು ಹೇಗಿದ್ದರೂ ಬರುತ್ತಿತ್ತೇನೋ ಎಂದು ವೆಲ್ಮಾ ಅವರಿಗೆ ಎಷ್ಟು ಸಲ ಹೇಳಿದ್ದಾರೋ. "ಬರ್ತಿತ್ತೋ ಏನೋ. ಆದ್ರೆ ಕಾಫಿ ಕುಡಿದಾದ್ಮೇಲೆ ಬರ್ತಿತ್ತು."

ತೊಲೆಯ ಮೇಲಿನ ಸುರುಳಿಗಳನ್ನು ತೋರಿಸಿ ಇನ್ನೊಂದು ಮಾತು ಹೇಳುತ್ತಾರೆ. "ಅರವತ್ತೊಂದು ಮನೆ ಜನ ಅಲ್ಲಿದ್ದಾರೆ. ಅವಳೊಬ್ಳೇ ಇಲ್ಲ. ಅವಳ ಗೆರೆ ಒಂದೂ ನನ್ನ ಹತ್ರ ಇಲ್ಲ."

ಈ ವ್ಯಾನನ್ನು ರೋಸಲಿನ್ ಯೂಲಿಸ್‌ಗೆ ಕೊಡಿ ಎಂದು ಕೇಳಿದ್ದು ವೆಲ್ಮಾ. ಶಾಲೆಯ ಅಡಿಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಮೂವತ್ನಾಲ್ಕರ ರೋಸಲಿನ್‌ಗೂ ಅದೇ ಕಾಯಿಲೆ, ಅದೇ ದಿನಕ್ಕೆ ನಾಲ್ಕು ಚೀಲ. ತಾಯಿ ಗಾರೀಸ್‌ನಲ್ಲಿ, ಒಂದು ಹಗಲಿನ ದಾರಿ. ಒಂದು ಕಡೆ ಮೈ ಬಿದ್ದುಹೋಗಿ ಮಲಗಿದ್ದಾರೆ. ಮಗಳು ಹೋಗುವಂತಿಲ್ಲ, ತಾಯಿ ಬರುವಂತಿಲ್ಲ, ಹೀಗೆಯೇ ಎರಡು ವರ್ಷ ಕಳೆದಿದೆ. ಹೋದ ವಾರ ಫೋನು ಬಂತು: ಅಮ್ಮ ಊಟ ಬಿಟ್ಟಿದ್ದಾಳೆ.

ಐಸಾಕ್ ಟಾರ್ಪಾಲು ತೆಗೆದರು. ಎರಡು ದಿನದಲ್ಲಿ ಇಂಜಿನ್ ಸರಿಮಾಡಿದರು, ಬಿರಿದಿದ್ದ ರಬ್ಬರು ಬದಲಾಯಿಸಿದರು. ಹಾಸಿಗೆಯ ಸುದ್ದಿ ಮಾತ್ರ ಎತ್ತಲಿಲ್ಲ. ರೋಸಲಿನ್ ಎತ್ತರದ ಹೆಂಗಸು. ಲೀನಿಗೆ ಮಾಡಿದ್ದು ಅವಳಿಗೆ ಗಿಡ್ಡ. ಅವಳದೂ ಒಂದು ರಾತ್ರಿ ಅಂಗಿ ತಂದುಕೊಡು ಎಂದು ವೆಲ್ಮಾರನ್ನು ಕೇಳಿದರು.

ವೆಲ್ಮಾ ಬಗ್ಗಲಿಲ್ಲ. "ಬಟ್ಟೆ ಅಳೆದ್ರೆ ಉದ್ದ ಸಿಗುತ್ತೆ ಮಾಮ. ಕೈ ಎಲ್ಲಿಗೆ ಎಟಕುತ್ತೆ ಅಂತ ಸಿಗಲ್ಲ. ಅವಳನ್ನ ಮಲಗಿಸಿಯೇ ಅಳೀಬೇಕು. ಇನ್ನೊಂದ್ಸಲ ಬಿಚ್ಚೋಕೆ ನಿಮಗೆ ಟೈಮಿಲ್ಲ."

ಏಳು ಗಂಟೆಗೆ ರೋಸಲಿನ್ ಬರುತ್ತಾಳೆ. ಗಂಡ ಫ್ರಾನ್ಸ್ ಬಾಗಿಲಲ್ಲೇ ಟೋಪಿ ಕೈಯಲ್ಲಿ ಹಿಡಿದು ನಿಲ್ಲುತ್ತಾನೆ. ವ್ಯಾನು ಓಡಿಸುವವನು ಅವನೇ. ನೆಲದ ಮೇಲೆ ಕಂದು ಕಾಗದ ಹಾಸಿದೆ. ರೋಸಲಿನ್ ನಿಧಾನವಾಗಿ ಕೂತು, ಹೊಟ್ಟೆಯ ನಳಿಗೆಗೆ ಕೈ ಅಡ್ಡ ಇಟ್ಟುಕೊಂಡು ಒರಗುತ್ತಾಳೆ. ಐಸಾಕ್ ಸೀಮೆಸುಣ್ಣ ಹಿಡಿದು ತಲೆಯ ಹತ್ತಿರ ಮಂಡಿಯೂರುತ್ತಾರೆ. ಕೈ ಮುಂದಕ್ಕೆ ಹೋಗುವುದಿಲ್ಲ. ವೆಲ್ಮಾ ಕಿಟಕಿಯ ಕಡೆ ತಿರುಗಿ ನಿಲ್ಲುತ್ತಾರೆ.

ರೋಸಲಿನ್‌ಗೆ ಎಲ್ಲ ಗೊತ್ತು. ಈ ಬೀದಿಯಲ್ಲಿ ಯಾರಿಗೆ ಗೊತ್ತಿಲ್ಲ?

"ಮಾಮ, ನಿಮ್ಮಪ್ಪ ಅಳೀತಿದ್ದವ್ರು ಯಾರಾದ್ರೂ ಮಾತಾಡ್ತಿದ್ರಾ?" ಎಂದು ಮಲಗಿದಲ್ಲಿಂದಲೇ ಕೇಳುತ್ತಾಳೆ.

"ಅವ್ರೆಲ್ಲಿ ಮಾತಾಡ್ತಾರೆ?"

"ಹಂಗಾದ್ರೆ ನಾನು ಮಾತಾಡ್ತಾನೇ ಇರ್ತೀನಿ, ನೀವು ಗೆರೆ ಎಳೀರಿ. ಫ್ರಾನ್ಸ್‌ನ ಕೇಳಿ, ನನ್ ಬಾಯಿ ಮುಚ್ಸೋದೇ ಅವ್ನಿಗೆ ದೊಡ್ಡ ಕಷ್ಟ."

ಬಾಗಿಲಲ್ಲಿ ಫ್ರಾನ್ಸ್ ಮೂಗೊರೆಸಿಕೊಂಡು ತಲೆಯಾಡಿಸುತ್ತಾನೆ. ರೋಸಲಿನ್ ಶುರು ಮಾಡುತ್ತಾಳೆ. ಅಮ್ಮ ಕೆಂಡದ ಮೇಲೆ ಸುಡುವ ರೊಟ್ಟಿ, ಅದಕ್ಕಂಟಿದ ಬೂದಿಯನ್ನು ಏಪ್ರನ್ ಅಂಚಿನಲ್ಲಿ ತಟ್ಟಿ ಕೊಡುವುದು. ಯಾರ ಮಾತೂ ಕೇಳದ ಒಂದು ಕರಿ ಮೇಕೆ. ಪಾದ್ರಿಯ ಟೋಪಿಯನ್ನು ಆ ಮೇಕೆ ತಿಂದದ್ದು, ಅಮ್ಮ ಮೂರು ಭಾನುವಾರ ನಾಚಿಕೆಯಿಂದ ಚರ್ಚಿಗೆ ಹೋಗದೆ ಕೂತದ್ದು. ಸೀಮೆಸುಣ್ಣ ತಲೆಯನ್ನು ಬಳಸಿ ಕಿವಿಯ ಪಕ್ಕ ಇಳಿದು ಭುಜಕ್ಕೆ ಬರುತ್ತದೆ.

"ಈಗ ಆ ರೊಟ್ಟೀನೂ ಬೇಡ ಅಂತಿದ್ದಾಳಂತೆ" ಎಂದು ಹೇಳಿ ರೋಸಲಿನ್ ಸುಮ್ಮನಾಗುತ್ತಾಳೆ.

ಸೀಮೆಸುಣ್ಣವೂ ನಿಲ್ಲುತ್ತದೆ.

"ಮಾತಾಡು ಮಗಳೇ" ಎನ್ನುತ್ತಾರೆ ಐಸಾಕ್. "ನಿಲ್ಲಿಸ್ಬೇಡ. ಮೇಕೆ ಏನಾಯ್ತು ಆಮೇಲೆ?"

ಮೇಕೆಯ ಕಥೆ ಮತ್ತೆ ಹೊರಡುತ್ತದೆ. ಗೆರೆ ಸೊಂಟ ದಾಟಿ, ಮಂಡಿ ದಾಟಿ, ಪಾದ ಬಳಸಿ, ಶುರುವಾದಲ್ಲಿಗೇ ಬಂದು ಸೇರುತ್ತದೆ. ಕೊನೆಗೆ ಐಸಾಕ್ ಒಂದು ಕ್ಲಿಪ್ಪನ್ನು ಅವಳ ಕೈಗೆ ಕೊಟ್ಟು, ಕಣ್ಣು ಮುಚ್ಚಿ ಸಲೀಸಾಗಿ ಎಟಕುವಲ್ಲಿ ಇಡು ಎನ್ನುತ್ತಾರೆ. ಇಟ್ಟಲ್ಲಿ ಗುರುತು ಮಾಡುತ್ತಾರೆ. ಇನ್ನೊಮ್ಮೆ ಇಡಿಸುತ್ತಾರೆ. ಮೂರನೆಯ ಸಲವೂ ಕೈ ಅದೇ ಗುರುತಿನ ಮೇಲೇ ಬರುತ್ತದೆ.

ರೋಸಲಿನ್‌ಳನ್ನು ಫ್ರಾನ್ಸ್ ಎಬ್ಬಿಸಿ ಕೂರಿಸುತ್ತಾನೆ. ಐಸಾಕ್ ಕಾಗದದ ಮೇಲೆ ಹೆಸರು ಬರೆದು, ವ್ಯಾನು ಹತ್ತಿ, ಉಳಿದಿದ್ದ ಎರಡು ಸ್ಕ್ರೂಗಳನ್ನೂ ಬಿಚ್ಚುತ್ತಾರೆ. ಅವನ್ನು ಡಬ್ಬಕ್ಕೆ ಹಾಕದೆ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. ಶುಕ್ರವಾರ ಸಂಜೆಗೆ ಹಾಸಿಗೆ ಮುಗಿಯುತ್ತದೆ, ಶನಿವಾರ ಬೆಳಿಗ್ಗೆ ಹೊರಡಬಹುದು ಎಂದು ಮಾತು ಕೊಡುತ್ತಾರೆ.

ನಿಮಗೆ ಇದಕ್ಕೆ ಏನು ಕೊಡಬೇಕು ಮಾಮ ಎಂದು ರೋಸಲಿನ್ ಕೇಳಿದಾಗ, ಅವರು ಮರ ಕೀಸುವ ರಂದವನ್ನು ಒರೆಸಿ ಕೆಳಗಿಡುತ್ತಾರೆ.

"ಗಾರೀಸ್‌ನಿಂದ ಹೊಂಡೆಕ್ಲಿಪ್‌ಗೆ ಮಣ್ಣು ದಾರಿ ಇದೆ. ಮೊದ್ಲು ನಿನ್ನ ಅಮ್ಮನ್ನ ನೋಡು. ಕೂತ್ಕೋ ಅವಳ ಹತ್ರ, ಎಷ್ಟು ದಿನ ಬೇಕೋ ಅಷ್ಟು ದಿನ. ಆಮೇಲೆ ನಿಂಗೆ ಶಕ್ತಿ ಇದ್ರೆ, ಇದ್ರೆ ಮಾತ್ರ, ವ್ಯಾನನ್ನ ಸಾನಾ ಮನೆ ಹಿತ್ತಿಲಿಗೆ ಒಯ್ದು ನಿಲ್ಸು. ಒಂದ್ ಲೋಟ ಕಾಫಿ ಕುಡ್ದು ಬಾ. ಯಾರು ಕಳ್ಸಿದ್ದು ಅಂತ ಕೇಳ್ತಾಳೆ ಅವಳು. ನನ್ ಹೆಸ್ರು ಹೇಳ್ಬೇಡ. ಲೀನಿ ಕಳ್ಸಿದ್ಲು ಅನ್ನು."